ನಡತೆಗೆ ನಲವತ್ತು

ಒಟ್ಟು ನೂರು ಆಗಬೇಕು. ಪೋರ್ಟಲ್ ಕೇಳುವುದು ಅಷ್ಟೇ. ಬರವಣಿಗೆಯ ಪರೀಕ್ಷೆಗೆ ಮೂವತ್ತು, ಕೈಕೆಲಸದ ಪರೀಕ್ಷೆಗೆ ಐವತ್ತು, ನಡತೆಗೆ ಇಪ್ಪತ್ತು ಎಂದು ತೂಕ ತುಂಬಿದರೆ ಅದು ಒಪ್ಪುತ್ತದೆ. ಮೂವತ್ತು, ಮೂವತ್ತು, ನಲವತ್ತು ಎಂದು ತುಂಬಿದರೂ ಒಪ್ಪುತ್ತದೆ. ತೊಂಬತ್ತೊಂಬತ್ತು ಆದರೆ ಮಾತ್ರ ಕೆಂಪು ಅಕ್ಷರದಲ್ಲಿ ತಕರಾರು ತೆಗೆಯುತ್ತದೆ.

ತುಂಬುತ್ತಿದ್ದವಳು ನಾನು. ಹೆಸರು ನೆಲಿದಾ ಸಿವಿಂಚಾ. ಪೆರುವಿನ ಗುಡ್ಡಗಾಡಿನ ವಿಲ್ಕಾಮಾರ್ಕಾ ಪಟ್ಟಣದಲ್ಲಿ ಒಂದು ಖಾಸಗಿ ತಾಂತ್ರಿಕ ಸಂಸ್ಥೆ. ಅಲ್ಲಿ ಆನ್‌ಲೈನ್ ಕೋರ್ಸುಗಳ ಸಹಾಯಕಿ. ಪಾಠದ ವಿಡಿಯೊ ಏರಿಸುವುದು, ಹಾಜರಿ ನೋಡುವುದು, ಅಂಕಪಟ್ಟಿ ಕಟ್ಟುವುದು ನನ್ನ ಕೆಲಸ. ಆರು ವರ್ಷ ಮಾಡಿದೆ. ಇಲ್ಲಿ ಬರೆದಿರುವ ದಿನಾಂಕ, ಅಂಕಿ ದಾಖಲೆಯಲ್ಲಿರುವಂತೆಯೇ ಇವೆ. ಉಳಿದದ್ದು ನಾನು ಕಂಡದ್ದು, ಕೇಳಿದ್ದು, ಮಾಡಿದ್ದು.

ಕೋರ್ಸು ನರ್ಸಿಂಗ್ ಸಹಾಯಕರದ್ದು. ನಲವತ್ತೊಂದು ಮಂದಿ ಸೇರಿದ್ದರು. ಅಂಕ ಇಪ್ಪತ್ತಕ್ಕೆ. ಹದಿಮೂರು ಬಂದರೆ ಪಾಸು. ಒಟ್ಟು ಅಂಕದಲ್ಲಿ ಮೊದಲ ಆರು ಮಂದಿಗೆ ಪ್ರಾಂತ್ಯದ ಆಸ್ಪತ್ರೆಯಲ್ಲಿ ಆರು ತಿಂಗಳ ತರಬೇತಿ. ಆ ತರಬೇತಿ ಮುಗಿಸಿದವರನ್ನು ಮಾತ್ರ ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಉಳಿದವರ ಪ್ರಮಾಣಪತ್ರ ಗೋಡೆಗೆ.

ಎರ್ಮೆಲಿಂದಾ ತೈಪೆಗೆ ಆ ಕೆಲಸ ಬೇಕಿತ್ತು. ವಯಸ್ಸು ಮೂವತ್ತನಾಲ್ಕು. ಊರು ಪುಕಾಕಾಸಾ. ಸಮುದ್ರಮಟ್ಟದಿಂದ 4,400 ಮೀಟರ್ ಮೇಲೆ. ಅಲ್ಲಿ ಮರ ಬೆಳೆಯುವುದಿಲ್ಲ, ಜನ ಉಣ್ಣೆಗಾಗಿ ಅಲ್ಪಾಕಾ ಮೇಯಿಸುತ್ತಾರೆ. ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಅವಳು ಒಂಬತ್ತು ವರ್ಷದಿಂದ ಸ್ವಯಂಸೇವಕಿ. ಅಂದರೆ ಸಂಬಳವಿಲ್ಲ. ನೆಲ ಒರೆಸುವುದು, ಹಳ್ಳದಿಂದ ನೀರು ಹೊರುವುದು, ಉಪಕರಣ ಕುದಿಸುವುದು, ರಕ್ತದ ಬಟ್ಟೆ ಒಗೆಯುವುದು. ಹೆರಿಗೆ ಕಷ್ಟವಾದರೆ ಹೆಂಗಸನ್ನು ಕಂಬಳಿಯಲ್ಲಿ ಹಾಕಿಕೊಂಡು ನಾಲ್ಕು ಜನ ನಾಲ್ಕು ತಾಸು ರಸ್ತೆಯವರೆಗೆ ಹೊರುತ್ತಾರೆ. ಆ ನಾಲ್ಕರಲ್ಲಿ ಯಾವಾಗಲೂ ಒಬ್ಬಳು ಅವಳು. ಚಳಿಗೆ ಒಡೆದ ಕೈ, ಬ್ಲೀಚಿಂಗ್ ನೀರಿಗೆ ಮತ್ತೆ ಒಡೆಯುತ್ತಿತ್ತು.

ಅಲ್ಲಿಯ ನರ್ಸ್ ತಿಂಗಳಲ್ಲಿ ಹತ್ತು ದಿನ ಇರುತ್ತಿರಲಿಲ್ಲ. ಆ ಹತ್ತು ದಿನ ಸೂಜಿ ಚುಚ್ಚುತ್ತಿದ್ದವಳು ಎರ್ಮೆಲಿಂದಾ. ಕಾಗದದಲ್ಲಿ ಚುಚ್ಚಿದವಳು ನರ್ಸ್. ಎರಡು ವರ್ಷದ ಹಿಂದೆ ಒಂದು ಮಗು ಸತ್ತಿತು. ಅರ್ಹತೆ ಇಲ್ಲದವಳು ಮುಟ್ಟಿದ್ದರಿಂದ ಎಂದು ವರದಿ ಬರೆದರು. ಆ ದಿನ ಅವಳು ಮುಟ್ಟಿರಲಿಲ್ಲ. ಮುಟ್ಟಬೇಡ ಎಂದು ಅವಳಿಗೆ ಹೇಳಿದ್ದರು. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಮರುವರ್ಷ ಕೋರ್ಸಿಗೆ ಸೇರಿದಳು.

ಆನ್‌ಲೈನ್ ತರಗತಿ ವಾರಕ್ಕೆ ಎರಡು, ಬೆಳಿಗ್ಗೆ ಏಳಕ್ಕೆ. ಒಟ್ಟು ಹದಿನಾರು. ಪುಕಾಕಾಸಾದಲ್ಲಿ ಸಿಗ್ನಲ್ ಇಲ್ಲ. ಊರಿನ ಮೇಲಿರುವ ಶಿಲುಬೆ ದಿಬ್ಬದಲ್ಲಿ ಸಿಗುತ್ತದೆ. ಹತ್ತಲು ಒಂದೂಕಾಲು ತಾಸು. ಆ ಊರಿನಿಂದ ಮೂವರು ಸೇರಿದ್ದರು: ಎರ್ಮೆಲಿಂದಾ, ಸಬಿನಾ, ಪೌಲಿನಾ. ವಿಡಿಯೊ ನಡೆಯುವ ಫೋನ್ ಒಂದೇ, ಎರ್ಮೆಲಿಂದಾಳದ್ದು. ಆ ಚಳಿಗೆ ಬ್ಯಾಟರಿ ಸಾಯುತ್ತದೆ. ಅದಕ್ಕೆ ಬಿಸಿ ಆಲೂಗಡ್ಡೆಗಳ ನಡುವೆ ಫೋನಿಟ್ಟು, ಉಣ್ಣೆಯ ಬಟ್ಟೆಯಲ್ಲಿ ಸುತ್ತಿ, ಎದೆಗೆ ಕಟ್ಟಿಕೊಂಡು ಹತ್ತುತ್ತಿದ್ದರು. ಪಾಠ ಮುಗಿದ ಮೇಲೆ ಆಲೂಗಡ್ಡೆ ತಿಂದು ಇಳಿಯುತ್ತಿದ್ದರು.

ಒಂದು ಫೋನಿನಿಂದ ಒಂದು ಹೆಸರಿನಲ್ಲಿ ಮಾತ್ರ ತರಗತಿಗೆ ಬರಬಹುದು. ಮೂವರು ಸರದಿ ಹಾಕಿಕೊಂಡರು. ಗುಡ್ಡದಲ್ಲಿ ಎಲ್ಲ ಕೆಲಸವೂ ಹಾಗೆಯೇ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೊಟ್ಟ ದಿನ ತಿರುಗಿ ಬರುತ್ತದೆ. ಯಾರೂ ಬರೆದಿಡುವುದಿಲ್ಲ. ಸಬಿನಾಳ ಹೆಸರಿನಲ್ಲಿ ಆರು ದಿನ, ಪೌಲಿನಾಳ ಹೆಸರಿನಲ್ಲಿ ಆರು ದಿನ, ಎರ್ಮೆಲಿಂದಾಳ ಹೆಸರಿನಲ್ಲಿ ನಾಲ್ಕೇ ದಿನ. ಪಾಠ ಬರುವವಳಿಗೆ ಹಾಜರಿ ಯಾಕೆ ಎಂದು ಅವಳು ತನಗೆ ಕಡಿಮೆ ಇಟ್ಟುಕೊಂಡಳು. ಇಡೀ ಪ್ರಕರಣದಲ್ಲಿ ಅವಳು ಮಾಡಿದ ತಪ್ಪು ಅದೊಂದೇ.

ಪಾಠ ಮಾಡುತ್ತಿದ್ದ ಎಲ್ಸಾ ಟೀಚರ್ ಪ್ರತಿ ಸಲ ಕೇಳುತ್ತಿದ್ದರು.

"ಪುಕಾಕಾಸಾದೋರು, ಮೂರೂ ಜನ ಇದೀರಾ?"

"ಇದೀವಿ ಟೀಚರ್."

"ಹಿಂದೆ ಅದೇನು ಅಲ್ಲಾಡ್ತಿರೋದು?"

"ಅಲ್ಪಾಕಾ ಟೀಚರ್. ನಮಗಿಂತ ಮುಂಚೆ ಬಂದೈತೆ. ಅದಕ್ಕೂ ಹಾಜರಿ ಹಾಕ್ಬಿಡಿ."

"ಹಾಕೋಣ. ನಿಮ್ಮ ಮೂವರನ್ನೂ ಬರ್ಕೊಂಡಿದೀನಿ, ಯೋಚನೆ ಮಾಡ್ಬೇಡಿ."

ಟೀಚರ್ ಬರೆದುಕೊಂಡದ್ದು ತಮ್ಮ ನೋಟುಪುಸ್ತಕದಲ್ಲಿ. ಜೂನ್ ಕೊನೆಗೆ ಅವರ ಗುತ್ತಿಗೆ ಮುಗಿಯಿತು. ಅವರು ಊರು ಬಿಟ್ಟರು, ಪುಸ್ತಕವೂ ಅವರ ಜೊತೆ ಹೋಯಿತು. ಪೋರ್ಟಲ್‌ನಲ್ಲಿ ನಡತೆಯ ಅಂಕ ಪ್ರತಿ ತರಗತಿಗೂ ಲಾಗಿನ್ ಆದ ಹೆಸರಿಗೇ ಬೀಳುತ್ತದೆ, ಹಾಗಾಗಿ ಈ ಮೂವರಲ್ಲಿ ದಿನಕ್ಕೆ ಒಂದೇ ಹೆಸರಿಗೆ ಬಿದ್ದಿತ್ತು. ಅಂಕಪಟ್ಟಿಯಲ್ಲಿ ಉಳಿದಿಬ್ಬರ ಮನೆ ಖಾಲಿ. ಖಾಲಿ ಎಂದರೆ ಸೊನ್ನೆಯಲ್ಲ. ಅಂಕಪಟ್ಟಿಯ ಸೆಟ್ಟಿಂಗಿನಲ್ಲಿ 'ಖಾಲಿ ಮನೆಗಳನ್ನು ಲೆಕ್ಕಕ್ಕೆ ಹಿಡಿಯಬೇಡ' ಎಂದು ಒಂದು ಗುರುತು ಇದೆ. ಸಿಗ್ನಲ್ ಇಲ್ಲದ ಊರುಗಳವರು ಇದ್ದಾರೆಂದು ಮಾರ್ಚ್ ಹನ್ನೊಂದರಂದು ನಾನೇ ಆ ಗುರುತು ಹಾಕಿದ್ದೆ. ಮೂವತ್ತು, ಐವತ್ತು, ಇಪ್ಪತ್ತು ಎಂಬ ತೂಕವನ್ನೂ ಅದೇ ದಿನ ಹಾಕಿದ್ದೆ. ಮುದ್ರೆ ಒತ್ತಿದ ಪಠ್ಯಯೋಜನೆಯಲ್ಲಿ ಇದ್ದದ್ದು ಅದೇ ತೂಕ. ಅದರ ಪ್ರತಿ ನಲವತ್ತೊಂದು ಜನಕ್ಕೂ ಕೊಟ್ಟಿದ್ದೆವು.

ಜುಲೈಯಲ್ಲಿ ಕೈಕೆಲಸದ ಪರೀಕ್ಷೆಗೆ ಎಲ್ಲರೂ ಪಟ್ಟಣಕ್ಕೆ ಬಂದರು. ಮೂರು ದಿನ. ಆಸ್ಪತ್ರೆಯಲ್ಲಿ ಭೇದಿಯಿಂದ ಒಣಗಿದ್ದ ಒಂದು ಮಗುವಿನ ಕೈಯಲ್ಲಿ ನರ ಸಿಗದೆ ಪರೀಕ್ಷಕರೇ ಎರಡು ಸಲ ಚುಚ್ಚಿ ಬಿಟ್ಟಿದ್ದರು. ಎರ್ಮೆಲಿಂದಾ ತನ್ನ ಕೈಯನ್ನು ಕಂಕುಳಲ್ಲಿಟ್ಟು ಬಿಸಿ ಮಾಡಿಕೊಂಡು, ಮಗುವಿನ ಕೈಯನ್ನು ಉಜ್ಜಿ, ಒಂದೇ ಸಲಕ್ಕೆ ನರ ಹಿಡಿದಳು. ಇಪ್ಪತ್ತಕ್ಕೆ ಹತ್ತೊಂಬತ್ತು ಕೊಟ್ಟರು.

ಜುಲೈ ಹದಿನೆಂಟರಂದು ಅಂಕಪಟ್ಟಿ ಪೋರ್ಟಲ್‌ನಲ್ಲಿ ತೆರೆದುಕೊಂಡಿತು. ಬರವಣಿಗೆ 14, ಕೈಕೆಲಸ 19, ನಡತೆ 17. ಒಟ್ಟು 17.1. ಎರ್ಮೆಲಿಂದಾ ತೈಪೆ ಮೊದಲನೆಯವಳು. ಸಬಿನಾ ನಾಲ್ಕನೆಯವಳು. ಪೌಲಿನಾ ಆರನೆಯವಳು. ಆರರಲ್ಲಿ ಮೂರು ಸ್ಥಾನ ಒಂದೇ ಫೋನಿನದ್ದು.

ಇಪ್ಪತ್ತೊಂದರ ಬೆಳಿಗ್ಗೆ ಆಸ್ಪತ್ರೆಯ ಮುಖ್ಯ ನರ್ಸ್ ಫೋನ್ ಮಾಡಿದರು. ಫೋನ್ ತೆಗೆದುಕೊಂಡವರು ನಮ್ಮ ಸಂಯೋಜಕಿ ಗ್ಲಾದಿಸ್ ಬೆಯಿದೋ. ನನ್ನ ಮೇಜು ಅವರ ಕೋಣೆಯಲ್ಲೇ ಇತ್ತು. ಈ ಕಡೆಯ ಮಾತು ಮಾತ್ರ ಕೇಳಿಸಿತು.

"ಹೂಂ. ಮೂವರು. ಇಲ್ಲ, ಅವರು ಆ ಗುಡ್ಡದ ಲಂಗ ಬಿಡಲ್ಲ. ಎರಡು ಜಡೆ, ಟೋಪಿ, ಎಲ್ಲಾ ಇದೆ. ಗೊತ್ತು, ಗೊತ್ತು. ನೋಡ್ತೀನಿ."

ಫೋನಿಟ್ಟು ನನ್ನ ಕಡೆ ತಿರುಗಿದರು.

"ನೆಲಿದಾ, ಆಸ್ಪತ್ರೆಯೋರು ತಲೆ ತಿಂತಿದಾರೆ. ಹೋದ ವರ್ಷ ಒಬ್ಬಳನ್ನ ಕಳಿಸಿದ್ವಲ್ಲ, ವಾರ್ಡೆಲ್ಲಾ ಕುರಿ ವಾಸನೆ ಅಂತ ರೋಗಿಗಳು ದೂರು ಕೊಟ್ರಂತೆ. ಈ ಸಲ ನೋಡೋ ಹಾಗಿರೋರನ್ನ ಕಳಿಸಿ ಅಂತಾರೆ."

"ಪಟ್ಟಿ ಬಂದಾಗಿದೆ ಮೇಡಂ."

"ಪೋರ್ಟಲ್‌ನಲ್ಲಿ ತಾನೆ? ಗೋಡೆಗೆ ಅಂಟಿಸಿಲ್ಲವಲ್ಲ. ತೆಗಿ."

ತೆಗೆದೆ. ಪರದೆಯಲ್ಲಿ ಅಂಕಪಟ್ಟಿ ತೆರೆದುಕೊಂಡಿತು. ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು.

"ಈ ಮನೆಗಳೆಲ್ಲ ಯಾಕೆ ಖಾಲಿ?"

"ಆ ದಿನ ಅವರ ಹೆಸರಲ್ಲಿ ಲಾಗಿನ್ ಆಗಿಲ್ಲ."

"ಬರದೇ ಇದ್ದೋರಿಗೆ ಸೊನ್ನೆ ಅಲ್ವಾ? ಆ ಗುರುತು ತೆಗಿ."

ತೆಗೆದೆ. ಎರಡು ಸೆಕೆಂಡಿನಲ್ಲಿ ಇಡೀ ಪಟ್ಟಿ ಅಲುಗಾಡಿ ನಿಂತಿತು. ಹದಿನಾರರಲ್ಲಿ ನಾಲ್ಕು ದಿನ ಬಂದವಳ ನಡತೆ 17ರಿಂದ 4.25ಕ್ಕೆ ಇಳಿಯಿತು. ಒಟ್ಟು 14.55.

"ಇನ್ನೂ ಪಾಸಲ್ಲೇ ಇದಾಳಲ್ಲೇ." ಮೇಡಂ ನಕ್ಕರು. "ಗುಡ್ಡದೋರು ಗಟ್ಟಿ. ನಡತೆಗೆ ಎಷ್ಟಿಟ್ಟಿದೀಯ?"

"ಇಪ್ಪತ್ತು."

"ಮೂವತ್ತು ಮಾಡು. ಕೈಕೆಲಸದಲ್ಲಿ ಹತ್ತು ಕಿತ್ತು ಹಾಕು."

ಹಾಕಿದೆ. 13.08.

"ಛೆ, ಕೂದಲೆಳೆ. ಇನ್ನೊಂದು ಹತ್ತು."

ಹಾಕಿದೆ. ಮೂವತ್ತು, ಮೂವತ್ತು, ನಲವತ್ತು. ಒಟ್ಟು ನೂರು. ಪೋರ್ಟಲ್ ಒಪ್ಪಿತು. ಎರ್ಮೆಲಿಂದಾ ತೈಪೆ, 11.6.

"ಸಾಕು. ಉಳಿಸು."

ನಲವತ್ತೊಂದರಲ್ಲಿ ಹನ್ನೆರಡು ಮಂದಿ ಹದಿಮೂರರ ಕೆಳಗೆ ಬಿದ್ದರು. ಹನ್ನೊಂದು ಗುಡ್ಡದ ಹೆಂಗಸರು. ಸಬಿನಾ, ಪೌಲಿನಾ ಅದರಲ್ಲಿದ್ದರು. ಹನ್ನೆರಡನೆಯವನು ಪಟ್ಟಣದ ಗೊನ್ಸಾಲೊ. ಅವನಿಗೆ 12.2.

"ಅಯ್ಯೋ, ಇವನ್ಯಾಕೆ ಇಲ್ಲಿ ಬಂದ? ಇವರ ಮನೇಲಿ ಒಂದು ತಿಂಗಳು ಇಂಟರ್ನೆಟ್ ಕೆಟ್ಟಿತ್ತು, ಅವರಪ್ಪ ಫೋನ್ ಮಾಡಿದ್ರು. ಅದು ಸರಿಯಾದ ಕಾರಣ. ಇವನ ಖಾಲಿ ಮನೆಗೆಲ್ಲ ಹದಿನೇಳು ಹಾಕು."

ಹಾಕಿದೆ.

"ಹಳೇ ತರಗತಿ ವಿಡಿಯೊ ಎಲ್ಲಾ ಅಳಿಸಿಬಿಡು. ಸುಮ್ನೆ ಜಾಗ ತಿನ್ನುತ್ತೆ."

ಹದಿನಾರು ವಿಡಿಯೊ. ಅಳಿಸುವ ಮೊದಲು ಒಂದನ್ನು ತೆರೆದೆ. ಒಂಬತ್ತನೆಯದು. ಮೂರು ಮುಖ. ತುಟಿ ನೀಲಿಗಟ್ಟಿತ್ತು. ಪೌಲಿನಾಳ ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲು ಅವಳ ಕೈ ಖಾಲಿಯಿರಲಿಲ್ಲ, ಫೋನ್ ಹಿಡಿದಿದ್ದಳು. ಎರ್ಮೆಲಿಂದಾ ಬರೆದುಕೊಳ್ಳುತ್ತಿದ್ದಳು. ಮುಚ್ಚಿ ಅಳಿಸಿದೆ. ಉಳಿದ ಹದಿನೈದನ್ನು ತೆರೆಯಲಿಲ್ಲ. ಎಲ್ಲ ಸೇರಿ ಹತ್ತೊಂಬತ್ತು ನಿಮಿಷದ ಕೆಲಸ.

ನಾನು ಯಾರೆಂದು ಹೇಳಬೇಕು. ನನ್ನವ್ವ ಲಂಗ ಉಡುತ್ತಿದ್ದಳು. ಸಂತೆಯಲ್ಲಿ ಕುರಿಯ ಬೋಟಿ ಮಾರುತ್ತಿದ್ದಳು. ಒಂಬತ್ತು ವರ್ಷಕ್ಕೆ ನನ್ನನ್ನು ಪಟ್ಟಣದ ಒಂದು ಮನೆಗೆ ಕೆಲಸಕ್ಕೆ ಬಿಟ್ಟಳು. ಆ ಮನೆಯಲ್ಲಿ ಮೊದಲ ದಿನ ನನ್ನ ಜಡೆ ಕತ್ತರಿಸಿದರು, ಹೇನೆಂದು. ನಮ್ಮ ಗುಡ್ಡದ ಭಾಷೆ ಕೆಚುವಾ ಮಾತಾಡಿದರೆ ಊಟ ಇರಲಿಲ್ಲ. ಸಂಸ್ಥೆಗೆ ಸೇರುವಾಗ ಅರ್ಜಿಯಲ್ಲಿ 'ಬಲ್ಲ ಭಾಷೆಗಳು' ಎಂಬಲ್ಲಿ ಸ್ಪ್ಯಾನಿಷ್ ಎಂದಷ್ಟೇ ಬರೆದೆ. ಮೇಡಂ ಬಂದವರಿಗೆಲ್ಲ ಹೇಳುತ್ತಿದ್ದರು, "ನೆಲಿದಾ ಬೇರೆ. ನೆಲಿದಾ ನಮ್ಮವಳ ಥರಾನೇ." ಅದನ್ನು ಕೇಳಿದಾಗ ನನಗೆ ಸಂತೋಷವಾಗುತ್ತಿತ್ತು. ಅದನ್ನೂ ಬರೆಯುತ್ತೇನೆ.

ಇಪ್ಪತ್ತನಾಲ್ಕರಂದು ಎರ್ಮೆಲಿಂದಾ ಬಂದಳು. ಏಳು ತಾಸು ಲಾರಿಯ ಹಿಂಬದಿಯಲ್ಲಿ, ಉಣ್ಣೆಯ ಮೂಟೆಗಳ ಮೇಲೆ. ಬೆಳಿಗ್ಗೆ ಹತ್ತಕ್ಕೆ ಬಂದವಳನ್ನು ಮೇಡಂ ಹನ್ನೆರಡೂವರೆಯವರೆಗೆ ಕಾರಿಡಾರಿನಲ್ಲಿ ನಿಲ್ಲಿಸಿದರು. ಅಲ್ಲಿ ಬೆಂಚಿತ್ತು. "ಆ ಬೆಂಚು ವಿದ್ಯಾರ್ಥಿಗಳಿಗೆ ಮಮಿತಾ" ಎಂದು ಕಾವಲಿನವನು ಎಬ್ಬಿಸಿದ್ದ. ಗುಡ್ಡದ ಹೆಂಗಸರಿಗೆ ಹದಿನೆಂಟಾಗಲಿ ಎಂಬತ್ತಾಗಲಿ ಪಟ್ಟಣ ಕರೆಯುವುದು ಮಮಿತಾ ಎಂದೇ. ಅಮ್ಮಣ್ಣಿ ಎಂದ ಹಾಗೆ. ಕೇಳಲು ಪ್ರೀತಿ, ಹೇಳುವಾಗ ನೂಕು.

ನಾನು ಕಡತ ಹಿಡಿದು ಕಾರಿಡಾರಿನಲ್ಲಿ ಹೋಗುವಾಗ ಅವಳು ನನ್ನ ಮುಖ ನೋಡಿದಳು. ಕೆನ್ನೆಯ ಮೂಳೆ ನೋಡಿಯೇ ಇರಬೇಕು, ಕೆಚುವಾದಲ್ಲಿ ಮಾತಾಡಿಸಿದಳು.

"ತಂಗೀ, ನನ್ನ ಅಂಕ ಹದಿನೇಳಿತ್ತು. ಈಗ ಹನ್ನೊಂದು ತೋರಿಸ್ತೈತೆ. ಯಂತ್ರ ಏನಾರ ಕೆಟ್ಟೈತಾ? ಒಸಿ ನೋಡ್ತೀಯಾ?"

"ಸ್ಪ್ಯಾನಿಷ್‌ನಲ್ಲಿ ಹೇಳಿ. ನನಗೆ ಅರ್ಥ ಆಗಲ್ಲ" ಎಂದೆ.

ಅವಳು ನನ್ನ ಮುಖವನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಅದೇ ಮಾತನ್ನು ಸ್ಪ್ಯಾನಿಷ್‌ನಲ್ಲಿ ಹೇಳಿದಳು, ತಂಗೀ ಎಂಬುದನ್ನು ಬಿಟ್ಟು, ಪಟ್ಟಣದವರನ್ನು ಕರೆಯುವ ಹಾಗೆ ಸೆನ್ಯೊರಿತಾ ಎಂದು.

ಕೊನೆಗೆ ಮೇಡಂ ಒಳಗೆ ಕರೆದರು. ಅವಳು ಕೂತ ಕೂಡಲೇ ಎದ್ದು ಹೋಗಿ ಕಿಟಕಿ ತೆರೆದರು. ಹೊರಗೆ ಚಳಿಯಿತ್ತು.

"ಹೇಳು ಮಮಿತಾ."

ಎರ್ಮೆಲಿಂದಾ ಬೆನ್ನಿನ ಬಟ್ಟೆ ಬಿಚ್ಚಿ, ಪ್ಲಾಸ್ಟಿಕ್ ಚೀಲದಿಂದ ಪಠ್ಯಯೋಜನೆಯನ್ನು ತೆಗೆದು ಮೇಜಿನ ಮೇಲಿಟ್ಟಳು. ಬೆರಳಿಟ್ಟು ತೋರಿಸಿದಳು.

"ಇಲ್ಲಿ ಮೂವತ್ತು, ಐವತ್ತು, ಇಪ್ಪತ್ತು ಅಂತೈತೆ ಮೇಡಂ. ನಿಮ್ಮ ಮುದ್ರೆ. ನಾನು ಲೆಕ್ಕ ಹಾಕ್ಕೊಂಡು ಬಂದಿದೀನಿ. ನಾಲ್ಕು ಪಾಯಿಂಟ್ ಎರಡು, ಒಂಬತ್ತೂವರೆ, ಮೂರು ಪಾಯಿಂಟ್ ನಾಲ್ಕು. ಹದಿನೇಳು ಪಾಯಿಂಟ್ ಒಂದು."

"ಅದು ಹಳೇದು. ತೂಕ ಪರಿಷ್ಕರಣೆ ಆಗಿದೆ."

"ಯಾವತ್ತು?"

"ಅದೆಲ್ಲ ನಿನಗ್ಯಾಕೆ? ಹದಿನಾರು ತರಗತೀಲಿ ನಾಲ್ಕಕ್ಕೆ ಬಂದಿದೀಯ. ಆಸ್ಪತ್ರೇಲೂ ಹಿಂಗೇ ಮಾಡ್ತೀಯಾ? ನಾಲ್ಕು ದಿನ ರೋಗಿ ನೋಡ್ಕೊಂಡು ಹನ್ನೆರಡು ದಿನ ಅಲ್ಪಾಕಾ ನೋಡ್ಕೋತೀಯಾ?"

"ಹದಿನಾರಕ್ಕೂ ಬಂದಿದೀನಿ. ಫೋನ್ ಒಂದೇ ಇತ್ತು. ಒಂದೊಂದು ದಿನ ಒಬ್ಬೊಬ್ಬರ ಹೆಸರಲ್ಲಿ ಬಂದ್ವಿ. ಟೀಚರ್ ಕಂಡಿದಾರೆ. ವಿಡಿಯೊ ಹಾಕಿ ನೋಡಿ."

ಮೇಡಂ ನನ್ನ ಕಡೆ ನೋಡಿದರು. ನಾನು ಪರದೆಯ ಕಡೆ ನೋಡಿದೆ.

"ವಿಡಿಯೊ ಇಲ್ಲ" ಎಂದರು ಮೇಡಂ. "ಆದ್ರೆ ನೀನೇ ಹೇಳಿದೆಯಲ್ಲ, ಬೇರೆಯವರ ಹೆಸರಲ್ಲಿ ಬಂದ್ವಿ ಅಂತ. ನನ್ನ ಎದುರಿಗೆ, ಸಾಕ್ಷಿ ಎದುರಿಗೆ. ಇದಕ್ಕೆ ಏನಂತಾರೆ ಗೊತ್ತಾ? ವಂಚನೆ. ಇದಕ್ಕೆ ಫೇಲ್ ಅಲ್ಲ, ಸಂಸ್ಥೆಯಿಂದ ಹೊರಗೆ ಹಾಕ್ತಾರೆ. ಮೂವರನ್ನೂ."

ಅವಳ ಕೈ ಪಠ್ಯಯೋಜನೆಯ ಮೇಲೆ ಇದ್ದಲ್ಲೇ ನಿಂತಿತು. ಬೆರಳಿನ ಸಂದಿಗಳಲ್ಲಿ ಒಡೆದ ಚರ್ಮ ಕಪ್ಪಗಿತ್ತು.

ಮೇಡಂ ಒಂದು ಹಾಳೆ ಮುಂದೆ ತಳ್ಳಿದರು. ಅದನ್ನು ನಾನು ಬೆಳಿಗ್ಗೆಯೇ ಟೈಪು ಮಾಡಿಟ್ಟಿದ್ದೆ. 'ಅಂಕ ಸರಿಯಾಗಿದೆ, ನನ್ನ ತಕರಾರಿಲ್ಲ' ಎಂಬ ಒಪ್ಪಿಗೆ ಪತ್ರ.

"ನಾನು ಕೆಟ್ಟವಳಲ್ಲ. ಇದಕ್ಕೆ ಸಹಿ ಹಾಕು. ಮುಂದಿನ ವರ್ಷ ಮೂವರೂ ಈ ಭಾಗ ಮತ್ತೆ ಓದಿ. ವಂಚನೆ ಮಾತು ಇಲ್ಲಿಗೇ ಬಿಡ್ತೀನಿ. ಸಹಿ ಬರುತ್ತೆ ತಾನೆ, ಇಲ್ಲ ಹೆಬ್ಬೆಟ್ಟು ತರಿಸ್ಲಾ?"

ಎರ್ಮೆಲಿಂದಾ ಹಾಳೆಯನ್ನು ಪೂರ್ತಿ ಓದಿದಳು. ಮಡಿಸಲಿಲ್ಲ, ಹರಿಯಲಿಲ್ಲ. ತಿರುಗಿಸಿ ಮೇಡಂ ಕಡೆಗೇ ಇಟ್ಟಳು.

"ಇಲ್ಲ."

"ಏನಿಲ್ಲ?"

"ಹಾಕಲ್ಲ. ಒಂದ್ಸಲ ಒಂದು ಮಗು ಸತ್ತಿದ್ದಕ್ಕೆ ನನ್ನ ಹೆಸರು ಬರೆದ್ರು. ನಾನು ಮುಟ್ಟಿರಲಿಲ್ಲ. ಸುಮ್ಮನಿದ್ದೆ. ಆಮೇಲೆ ಆ ಮಗುವಿನ ಅವ್ವ ನಮ್ಮ ಮನೆ ಮುಂದೆ ಹಾಯೋದು ಬಿಟ್ಳು. ಇನ್ನೊಂದ್ಸಲ ಸುಮ್ಮನಿರಲ್ಲ. ಫೇಲ್ ಮಾಡೋದು ನಿಮ್ಮ ಕೈಲೈತೆ, ಮಾಡಿದೀರಿ. ಸರಿ ಅನ್ನೋದು ನನ್ನ ಕೈಲೈತೆ. ಅದನ್ನ ಕೊಡಲ್ಲ."

"ನಿನ್ನ ಜೊತೆಯವರಿಬ್ರೂ ಮುಳುಗ್ತಾರೆ."

"ಅವರನ್ನ ಕೇಳ್ಕೊಂಡೇ ಬಂದಿದೀನಿ."

ಎದ್ದಳು. ಪಠ್ಯಯೋಜನೆಯನ್ನು ಚೀಲಕ್ಕೆ ಹಾಕಿಕೊಂಡು, ಬೆನ್ನಿಗೆ ಬಟ್ಟೆ ಕಟ್ಟಿಕೊಳ್ಳಲು ಬಾಗಿಲ ಬಳಿ ನಿಂತಳು. ಅವಳು ಇನ್ನೂ ಗಂಟು ಹಾಕುತ್ತಿರುವಾಗಲೇ ಮೇಡಂ ಹೇಳಿದರು:

"ನೆಲಿದಾ, ಆ ಕುರ್ಚಿಗೆ ಸ್ಪಿರಿಟ್ ಹಾಕಿ ಒರೆಸು."

ಒರೆಸಿದೆ. ಸೀಟು, ಬೆನ್ನು, ಎರಡು ಕೈ. ಎರ್ಮೆಲಿಂದಾ ಗಂಟು ಹಾಕುವುದನ್ನು ನಿಲ್ಲಿಸಿ ನೋಡಿದಳು. ನಾನು ಒರೆಸುವುದನ್ನು ಪೂರ್ತಿ ನೋಡಿದ ಮೇಲೆ ಗಂಟು ಬಿಗಿದು ಹೊರಗೆ ಹೋದಳು.

"ಇವಳು ಶಿಕ್ಷಣ ಕಚೇರಿಗೆ ಹೋಗೋ ಜಾತಿ" ಎಂದರು ಮೇಡಂ. "ಒಂದು ಹೇಳಿಕೆ ಟೈಪ್ ಮಾಡು. ನಡತೆಗೆ ನಲವತ್ತು ಅನ್ನೋದು ಮಾರ್ಚ್ ಹನ್ನೊಂದರಿಂದಲೇ ಪೋರ್ಟಲ್‌ನಲ್ಲಿತ್ತು ಅಂತ. ಅಂಕಪಟ್ಟಿ ಕಟ್ಟಿದೋಳು ನೀನು, ಸಹಿ ನಿಂದಿರ್ಲಿ."

"ಆಗಲ್ಲ ಮೇಡಂ."

ಮೂರು ದಿನದ ಹಿಂದೆ ಹೀಗೆ ಹೇಳಿರಲಿಲ್ಲ. ಕೈಯಲ್ಲಿ ಸ್ಪಿರಿಟ್ ವಾಸನೆ ಇತ್ತು. ಅಷ್ಟು ನೆನಪಿದೆ.

"ಏನಂದೆ?"

"ಅದು ಮಾರ್ಚಲ್ಲಿ ಇರಲಿಲ್ಲ. ಜುಲೈ ಇಪ್ಪತ್ತೊಂದಕ್ಕೆ ಹಾಕಿದ್ದು. ನಾನೇ ಹಾಕಿದ್ದು. ಸಹಿ ಮಾಡಲ್ಲ."

ಮೇಡಂ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಆರು ವರ್ಷದಲ್ಲಿ ಮೊದಲ ಸಲ ಹಾಗೆ ನೋಡಿದರು.

"ನಿನ್ನ ಮೈಯಿಂದ ಬೋಟಿ ವಾಸನೆ ತೆಗೆಯೋಕೆ ನಾನು ಎಷ್ಟು ಕಷ್ಟಪಟ್ಟೆ. ಹೋಗಲ್ಲ ಅಲ್ವಾ ಅದು?"

"ಹೋಗಲ್ಲ ಮೇಡಂ."

ಪೋರ್ಟಲ್‌ನಲ್ಲಿ ಪ್ರತಿ ಬದಲಾವಣೆಗೂ ದಾಖಲೆ ಇರುತ್ತದೆ. ಏನು ಬದಲಾಯಿತು, ಯಾವ ದಿನ, ಎಷ್ಟು ಗಂಟೆಗೆ, ಯಾರು. ಅದನ್ನು ಅಳಿಸುವ ಅಧಿಕಾರ ನನಗೂ ಇಲ್ಲ, ಮೇಡಂಗೂ ಇಲ್ಲ. ಮುದ್ರಿಸಿದೆ. ಎರಡು ಹಾಳೆ. ಗುರುತು ತೆಗೆದದ್ದು, ಇಪ್ಪತ್ತು ಮೂವತ್ತಾದದ್ದು, ಮೂವತ್ತು ನಲವತ್ತಾದದ್ದು, ಗೊನ್ಸಾಲೊನ ಖಾಲಿ ಮನೆಗಳಿಗೆ ಹದಿನೇಳು ಬಿದ್ದದ್ದು, ಹದಿನಾರು ವಿಡಿಯೊ ಅಳಿಸಿದ್ದು. ಪ್ರತಿ ಸಾಲಿನ ಕೊನೆಯಲ್ಲೂ ಒಂದೇ ಹೆಸರು: ನೆಲಿದಾ ಸಿವಿಂಚಾ. ಗ್ಲಾದಿಸ್ ಬೆಯಿದೋ ಎಂಬ ಹೆಸರು ಎಲ್ಲಿಯೂ ಇಲ್ಲ. ಅವರು ಕೀಲಿಮಣೆ ಮುಟ್ಟಿರಲಿಲ್ಲ.

ಲಾರಿಗಳು ನಿಲ್ಲುವ ಜಾಗದಲ್ಲಿ ಅವಳು ಸಿಕ್ಕಿದಳು. ಹಾಳೆ ಕೊಟ್ಟೆ. ಕೆಚುವಾದಲ್ಲಿ ಹೇಳಿದೆ, "ಅಕ್ಕಾ, ಇದನ್ನ ದೂರಿನ ಜೊತೆ ಲಗತ್ತಿಸು."

ನನಗೆ ಭಾಷೆ ಬರುವುದನ್ನು ಕಂಡು ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ನಿಂತೇ ಎರಡೂ ಹಾಳೆ ಓದಿದಳು.

"ಇದು ಯಾರ ಹೆಸರು?"

"ನಂದು."

"ಎಲ್ಲಾ ಸಾಲೂ?"

"ಎಲ್ಲಾ."

"ದೂರಲ್ಲಿ ನಿನ್ನ ಹೆಸರೇ ಮೊದಲು ಬರ್‌ತದೆ."

"ಬರ್ಲಿ."

"ನೀನು ಹಾಳೆ ಕೊಟ್ಟೆ ಅಂತ ನಾನು ಬಿಡಲ್ಲ."

"ಬಿಡು ಅಂತ ಕೇಳಿಲ್ಲ."

ಅವಳು ಹಾಳೆ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು ಶಿಕ್ಷಣ ಕಚೇರಿಯ ದಾರಿ ಕೇಳಿದಳು. ತೋರಿಸಿದೆ. ಜೊತೆಗೆ ಬರಲೇ ಎಂದೆ. ಬೇಡ ಎಂದಳು.

ಆಗಸ್ಟ್ ನಾಲ್ಕು, ಸೋಮವಾರ, ಆರು ಮಂದಿ ಬಿಳಿ ಬಟ್ಟೆ ತೊಟ್ಟು ಆಸ್ಪತ್ರೆಗೆ ಹೋದರು. ಆರನೆಯವನು ಗೊನ್ಸಾಲೊ. ಅದೇ ವಾರ ನನ್ನನ್ನು ಕೆಲಸದಿಂದ ತೆಗೆದರು. ಕಾರಣ: ಅಂಕಪಟ್ಟಿಯಲ್ಲಿ ಅನಧಿಕೃತ ಬದಲಾವಣೆ. ದೂರಿನ ವಿಚಾರಣೆ ನವೆಂಬರ್ ಹದಿಮೂರಕ್ಕೆ ಬಂತು.

ಶಿಕ್ಷಣ ಕಚೇರಿಯ ಕೋಣೆಯಲ್ಲಿ ನಾಲ್ಕು ಜನ. ವಿಚಾರಣಾಧಿಕಾರಿ, ಗ್ಲಾದಿಸ್ ಬೆಯಿದೋ, ಎರ್ಮೆಲಿಂದಾ, ನಾನು. ಅಧಿಕಾರಿಗೆ ಐವತ್ತೈದು ದಾಟಿರಬೇಕು. ಕೆಟ್ಟ ಮನುಷ್ಯನಲ್ಲ. ಮಧ್ಯಾಹ್ನದ ಊಟಕ್ಕೆ ಮೊದಲು ಮುಗಿಸುವ ಆಸೆಯಿತ್ತು.

"ನಾನು ಅಂಥ ಯಾವ ಆದೇಶವನ್ನೂ ಕೊಟ್ಟಿಲ್ಲ" ಎಂದರು ಮೇಡಂ. "ಲಿಖಿತ ಏನಾದ್ರೂ ಇದ್ರೆ ತೋರಿಸ್ಲಿ. ಪಾಸ್‌ವರ್ಡ್ ಇವಳ ಕೈಲಿತ್ತು. ಬುದ್ಧಿ ಸಾಲದೆ ಏನೋ ಒತ್ತಿದಾಳೆ. ನಾವೇ ಮುಂದೆ ತಂದೋರು, ಬೇಜಾರಾಗುತ್ತೆ."

ಅಧಿಕಾರಿ ನನ್ನನ್ನು ಕೇಳಿದ. ಜುಲೈ ಇಪ್ಪತ್ತೊಂದರಂದು ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಫೋನಿನ ಮಾತು, ಮೂವತ್ತು, 13.08, ಕೂದಲೆಳೆ, ನಲವತ್ತು. ಅವನು ಬರೆದುಕೊಳ್ಳಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದ.

ಆಮೇಲೆ ಎರ್ಮೆಲಿಂದಾಳ ಕಡೆ ತಿರುಗಿದ.

"ನೋಡಮ್ಮ, ನಿನಗೆ ಅನ್ಯಾಯ ಆಗಿದೆ, ಒಪ್ತೀನಿ. ತೂಕ ಫಲಿತಾಂಶ ಬಂದ್ಮೇಲೆ ಬದಲಾಗಿದೆ. ಇವತ್ತೇ ನಿನ್ನ ಅಂಕ ಹದಿನೇಳು ಅಂತ ತಿದ್ದಿಸ್ತೀನಿ. ಈ ವರ್ಷದ ತರಬೇತಿ ಅರ್ಧ ಮುಗಿದೋಯ್ತು, ಅದು ಬರಲ್ಲ. ಮುಂದಿನ ವರ್ಷದ್ದಕ್ಕೆ ನಿನ್ನ ಹೆಸರು ಮೊದಲು. ಜೊತೆಯವರಿಬ್ಬರದ್ದೂ ಸರಿಮಾಡ್ತೀನಿ."

"ಬರೆದು ಕೊಡ್ತೀರಾ?"

"ಕೊಡ್ತೀನಿ. ವರದೀಲಿ ಹೀಗೆ ಹಾಕ್ತೀನಿ: ಸಹಾಯಕಿಯ ತಾಂತ್ರಿಕ ತಪ್ಪಿನಿಂದ ಆದದ್ದು, ಸರಿಪಡಿಸಲಾಗಿದೆ, ದೂರುದಾರರಿಗೆ ಸಮಾಧಾನವಾಗಿದೆ. ಇಷ್ಟಕ್ಕೆ ನೀನು ಹೂಂ ಅಂದ್ರೆ ಆಯ್ತು."

ಮೇಡಂ ಕೈಚೀಲ ತೆಗೆದು ಮಡಿಲಲ್ಲಿಟ್ಟುಕೊಂಡರು, ಹೊರಡುವವರ ಹಾಗೆ.

ಹದಿನೇಳು ಅಲ್ಲೇ ಇತ್ತು. ಮೇಜಿನ ಆಚೆ ಬದಿ. ಒಂಬತ್ತು ವರ್ಷ ನೀರು ಹೊತ್ತದ್ದು, ಹೆರಿಗೆ ಹೆಂಗಸರನ್ನು ಹೊತ್ತದ್ದು, ಹದಿನಾರು ಸಲ ದಿಬ್ಬ ಹತ್ತಿದ್ದು. ಹೂಂ ಎಂದರೆ ಸಾಕು. ನನ್ನ ಹೆಸರು ಹೋದರೆ ಅವಳಿಗೆ ನಷ್ಟವೇನೂ ಇಲ್ಲ. ಅವಳು ಹೂಂ ಅನ್ನಲಿ ಎಂದು ನಾನೂ ಬಯಸಿದೆ.

"ತಾಂತ್ರಿಕ ತಪ್ಪು ಅಂದ್ರೆ?" ಎಂದಳು.

"ಗೊತ್ತಿಲ್ಲದೆ ಆದದ್ದು."

"ಗೊತ್ತಿಲ್ಲದೆ ಆಗಿಲ್ಲ. ಇವಳಿಗೆ ಗೊತ್ತಿತ್ತು." ನನ್ನ ಕಡೆ ಬೆರಳು ತೋರಿಸಿದಳು. ಮುಖ ನೋಡಲಿಲ್ಲ. "ಇವಳು ನಮ್ಮ ಮುಖ ನೋಡಿ ಅಳಿಸಿದಾಳೆ. ನಾನು ಕೂತ ಕುರ್ಚಿ ತೊಳೆದಿದಾಳೆ. ಅದನ್ನ ಬರೀರಿ. ಆದ್ರೆ ನಲವತ್ತು ಅನ್ನೋದು ಇವಳ ತಲೇಲಿ ಹುಟ್ಟಿದ್ದಲ್ಲ. ಹೇಳಿದೋರು ಇಲ್ಲೇ ಕೂತವ್ರೆ. ಅದನ್ನೂ ಬರೀರಿ. ಎರಡೂ ಬರೆದ್ಮೇಲೆ ಹದಿನೇಳು ಕೊಡಿ."

"ಎರಡನೇದಕ್ಕೆ ದಾಖಲೆ ಇಲ್ಲಮ್ಮ. ಬರೆದ್ರೆ ಮೇಲಿನ ಕಚೇರಿಗೆ, ಲೀಮಾಕ್ಕೆ ಹೋಗುತ್ತೆ. ಒಂದು ವರ್ಷ ಆಗ್ಬಹುದು, ಎರಡಾಗ್ಬಹುದು. ಅಲ್ಲೀವರೆಗೆ ನಿನ್ನ ಅಂಕ ವಿವಾದದಲ್ಲಿರುತ್ತೆ. ಹನ್ನೊಂದು ಪಾಯಿಂಟ್ ಆರೇ ಇರುತ್ತೆ."

"ಇರ್ಲಿ."

"ಯೋಚನೆ ಮಾಡು."

"ನಾನು ಹೂಂ ಅಂದ್ರೆ ಮುಂದಿನ ವರ್ಷ ಇವರು ಇನ್ನೊಬ್ಬಳು ಸಹಾಯಕಿನ ಕೂರಿಸ್ಕೊಂಡು ಐವತ್ತು ಮಾಡ್ತಾರೆ. ಆಗ ದಿಬ್ಬ ಹತ್ತೋಳು ಬೇರೆ ಯಾರೋ ಇರ್ತಾಳೆ. ಬರೀರಿ."

ಅಧಿಕಾರಿ ಗಡಿಯಾರ ನೋಡಿದ.

"ಇದೆಲ್ಲ ಬರೀಬೇಕು ಅಂದ್ರೆ ಸಂಜೆಯಾಗುತ್ತೆ. ನಿಮ್ಮೂರ ಕಡೆ ಲಾರಿ ಎರಡಕ್ಕೆ ಹೊರಡುತ್ತಲ್ಲ?"

"ನಾಳೆನೂ ಒಂದು ಲಾರಿ ಐತೆ."

ಅವನು ಪೆನ್ನಿನ ಮುಚ್ಚಳ ತೆಗೆದು ಪಕ್ಕಕ್ಕಿಟ್ಟ. ಹೊಸ ಹಾಳೆ ಎಳೆದುಕೊಂಡ. ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದ. ಎರಡನೆಯ ಸಾಲಿಗೆ ಬಂದಾಗ ಕೈ ನಿಲ್ಲಿಸಿ, ಮೇಜಿನ ಆಚೆ ಕೂತಿದ್ದ ಮೇಡಂ ಕಡೆ ನೋಡಿದ.

ಎರ್ಮೆಲಿಂದಾ ಮುಂದೆ ಬಾಗಿ, ಬರೆಯುವವನಿಗೆ ತೊಂದರೆಯಾಗದ ಹಾಗೆ, ಬಿಡಿಸಿ ಬಿಡಿಸಿ ಹೇಳಿದಳು.

"ಗ್ಲಾದಿಸ್. ಬೆಯಿದೋ."